ಕುಂತಾಕಿಯ ಅಂಚು

ವಿಭೂತಿ ಗಟ್ಟಿಯನ್ನು ಬಟ್ಟಲಿಗೆ ಹಾಕಿ ಪುಡಿ ಮಾಡುವಾಗ ಒಂದು ವಾಸನೆ ಏಳುತ್ತದೆ. ಅಮ್ಮ ಮೈಸೂರಿನಿಂದ ತಂದುಕೊಟ್ಟ ಗಟ್ಟಿ ಅದು. ವರ್ಷಗಟ್ಟಲೆ ಕರ್ಪೂರದ ಜೊತೆ ಒಂದೇ ಡಬ್ಬಿಯಲ್ಲಿದ್ದು ಅದಕ್ಕೂ ಕರ್ಪೂರದ ವಾಸನೆ ಹತ್ತಿಬಿಟ್ಟಿದೆ. ಮೊನ್ನೆ ಗುರುವಾರ ಸಂಜೆ ಕೆಲಸ ಮುಗಿಸಿ ಬಂದವಳು, ಶುಕ್ರವಾರದ ಪೂಜೆಗೆಂದು ದೀಪದ ಕಂಬ, ಕುಂಕುಮದ ಬಟ್ಟಲು, ಪಂಚಪಾತ್ರೆ ಎಲ್ಲವನ್ನೂ ಸಿಂಕಿನ ಪಕ್ಕ ಹರವಿಕೊಂಡು, ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ಬೆಳ್ಳಿ ಉಜ್ಜುತ್ತಿದ್ದೆ. ಒಬ್ಬಳೇ ಇರುವ ಮನೆಯಲ್ಲಿ ಇಷ್ಟೆಲ್ಲ ಯಾರಿಗೋಸ್ಕರ ಎಂದು ಕೇಳಬೇಡಿ. ಯಾರೂ ಬರುವುದಿಲ್ಲ. ಆದರೂ ಬೆಳ್ಳಿ ಕಪ್ಪಾದರೆ ನನಗೆ ಸಮಾಧಾನವಿಲ್ಲ, ಅಷ್ಟೆ.

ಆ ವಾಸನೆಗೆ ವೆಸ್ಟ್‌ಮಂಟಿನ ಆಂಟಿ ನೆನಪಾದರು. ಬೆಳ್ಳಿ ಉಜ್ಜುವಾಗಲೆಲ್ಲ ನೆನಪಾಗುತ್ತಾರೆ. ಪ್ರತಿ ಸಲವೂ ನಾನು ಬೇರೇನನ್ನೋ ಯೋಚಿಸಿ ತಪ್ಪಿಸಿಕೊಳ್ಳುತ್ತೇನೆ. ಮೊನ್ನೆ ಯಾಕೋ ಆಗಲಿಲ್ಲ.

ಆಂಟಿ ನಾನಿರುವ ಊರಿಗೆ ಹತ್ತಿರದ ವೆಸ್ಟ್‌ಮಂಟಿನಲ್ಲಿ ಹಳೆಯ ನಾಣ್ಯಗಳ ಅಂಗಡಿ ಇಟ್ಟುಕೊಂಡಿದ್ದರು. ಒಂದು ಕಡೆ ಉಗುರಿಗೆ ಬಣ್ಣ ಹಚ್ಚುವವರು, ಇನ್ನೊಂದು ಕಡೆ ಟ್ಯಾಕ್ಸ್ ಫೈಲ್ ಮಾಡಿಕೊಡುವವರು, ನಡುವೆ ಇವರ ಪುಟ್ಟ ಅಂಗಡಿ. ವಿಜಾಪುರದ ಕಡೆಯ ಮುಸ್ಲಿಂ ಮನೆತನ. ಅಂಗಡಿ ತೆರೆದದ್ದು ಅವರ ಯಜಮಾನರು. ಅವರು ಹೋದ ಮೇಲೆ ಆಂಟಿ ಮುಚ್ಚಿಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರಂತೆ. ಆಂಟಿ ಬಾಗಿಲ ಮೇಲಿನ ಬೋರ್ಡನ್ನು ಒರೆಸಿ, ಅದೇ ಕುರ್ಚಿಯಲ್ಲಿ ಕೂತರು. ಅಂಕಲ್ಲನ್ನು ನಾನು ನೋಡಿದ್ದು ಗಲ್ಲಾಪೆಟ್ಟಿಗೆಯ ಮೇಲಿನ ಫೋಟೋದಲ್ಲಿ ಮಾತ್ರ.

ನಾನು ಅಲ್ಲಿಗೆ ಹೋದದ್ದು ಮದುವೆ ಮುರಿದ ವರ್ಷ. ಬೋಲಿಂಗ್‌ಬ್ರೂಕಿನಲ್ಲಿ ಒಂದು ಅಪಾರ್ಟ್‌ಮೆಂಟು ಹಿಡಿದು, ಅಲ್ಲೇ ಒಂದು ವೇರ್‌ಹೌಸಿನಲ್ಲಿ ವಾಪಸ್ ಬಂದ ಸಾಮಾನು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ಜನ ಬೇಡವೆಂದು ಕಳಿಸಿದ್ದನ್ನು ಬಿಚ್ಚಿ ನೋಡಿ, ಇದು ಇನ್ನೂ ಮಾರಬಹುದು, ಇದು ಆಗುವುದಿಲ್ಲ ಎಂದು ಬೇರೆ ಮಾಡುವುದು. ಆ ದಿನಗಳಲ್ಲಿ ಆ ಕೆಲಸ ಮಾಡುತ್ತ ನನಗೆ ನನ್ನ ಬಗ್ಗೆಯೇ ಏನೇನೋ ಅನ್ನಿಸುತ್ತಿತ್ತು... ಇರಲಿ. ಮದುವೆಗೆ ಬಂದಿದ್ದ ಬೆಳ್ಳಿಯ ಲಕ್ಷ್ಮಿ ನಾಣ್ಯಗಳು ಕಣ್ಣೆದುರಿಗೆ ಇರುವುದೇ ಬೇಡವೆನಿಸಿ, ಒಂದು ಶನಿವಾರ ಅವನ್ನು ಮಾರಲು ಹೊರಟೆ. ಅಂಗಡಿಯೊಳಗೆ ಕಾಲಿಡುವಾಗ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಫೋನ್ ಇಟ್ಟ ಕೂಡಲೇ ಒಳಗಿಂದ ದನಿ ಬಂತು.

"ಕನ್ನಡದಾಕಿ ಏನು ನೀನು? ಬಾ, ಕುಂದ್ರು."

ನನ್ನ ನಾಣ್ಯಗಳನ್ನು ಒಂದೊಂದಾಗಿ ಅಂಚು ಹಿಡಿದು ನೋಡಿ, ಮತ್ತೆ ನನ್ನ ಕಡೆಗೇ ಸರಿಸಿದರು. "ಇವು ನಾಣ್ಯ ಅಲ್ಲ ತಂಗಿ, ಬಿಲ್ಲಿ. ಇದನ್ನ ಕೊಟ್ಟು ಯಾರರ ಒಂದ್ ಕಪ್ ಚಾ ಕುಡದಾರೇನು? ಕುಡದಿಲ್ಲಂದ್ರ ಅದು ನಾಣ್ಯ ಅಲ್ಲ." ತೂಕಕ್ಕೆ ಬೆಳ್ಳಿ ಕೊಳ್ಳುವ ಅಂಗಡಿ ಎರಡು ಮೈಲಿ ಆಚೆ ಇದೆ ಎಂದರು. ಅಷ್ಟು ಹೇಳಿ, ಥರ್ಮಾಸಿನಿಂದ ಚಹಾ ಬಗ್ಗಿಸಿ ನನ್ನ ಮುಂದಿಟ್ಟರು. ನಾನು ಬಿಲ್ಲೆಗಳನ್ನು ಮಾರಲೂ ಇಲ್ಲ, ಆ ಶನಿವಾರ ಇನ್ನೆಲ್ಲಿಗೂ ಹೋಗಲೂ ಇಲ್ಲ. ಎಷ್ಟೋ ದಿನಗಳ ಮೇಲೆ ಒಬ್ಬರು ನನ್ನನ್ನು ಕೂರಿಸಿ ಮಾತಾಡಿಸಿದ್ದರು.

ಅಲ್ಲಿಂದ ಶನಿವಾರ ಎಂದರೆ ಆಂಟಿಯ ಅಂಗಡಿ ಎಂದಾಯಿತು. ಗಿರಾಕಿಗಳು ಬರುತ್ತಿದ್ದುದು ಅಷ್ಟಕ್ಕಷ್ಟೆ. ಆಂಟಿಗೆ ಕಲಿಸುವ ಹುಚ್ಚು, ನನಗೆ ಮನೆಗೆ ಹೋಗದಿರುವ ಹುಚ್ಚು, ಸರಿಹೋಯಿತು. ನನ್ನ ಮಾತನ್ನು ಅಣಕಿಸುವುದು ಅವರಿಗೆ ಬಲು ಇಷ್ಟ. "ನಿಮ್ಮ ಮೈಸೂರ ಕನ್ನಡ ಭಾಳ ಮೆತ್ತಗ. ಬೈದ್ರೂ ಊಟಕ್ಕ ಕರದಂಗ ಕೇಳಸ್ತೈತಿ" ಎನ್ನುತ್ತಿದ್ದರು.

ಅವರು ಕಲಿಸಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಪಾಠ: ಚಾಲ್ತಿ ನಾಣ್ಯ ಯಾವುದು, ಪ್ರೂಫ್ ನಾಣ್ಯ ಯಾವುದು. ಚಾಲ್ತಿಯದು ಜನರ ಕೈಗೆಂದು ಒಂದೇ ಏಟಿಗೆ ಹೊಡೆದದ್ದು. ಪ್ರೂಫ್ ಎಂದರೆ ನಾಣ್ಯ ಕೂಡಿಡುವವರಿಗೆಂದು ಅಚ್ಚನ್ನೂ ಬಿಲ್ಲೆಯನ್ನೂ ಉಜ್ಜಿ ಕನ್ನಡಿ ಮಾಡಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದದ್ದು. ಚೆಂದದ್ದೇ ಅಪರೂಪ ಎಂದು ನಾನು ತಿಳಿದಿದ್ದೆ. ಕೆಲವು ಹಳೆಯ ವರ್ಷಗಳ ಮಟ್ಟಿಗೆ ಅದು ಉಲ್ಟಾ. ಆ ವರ್ಷಗಳಲ್ಲಿ ಚಾಲ್ತಿಗೆ ಹೊಡೆದದ್ದೇ ಸ್ವಲ್ಪ, ಅದನ್ನು ಯಾರೂ ಎತ್ತಿಡಲಿಲ್ಲ; ಕೊಟ್ಟರು, ತಗೊಂಡರು, ಸವೆಯಿತು, ಕರಗಿತು. ಪ್ರೂಫನ್ನು ಪೆಟ್ಟಿಗೆಯಲ್ಲಿಟ್ಟರು, ಉಳಿಯಿತು. ಹಾಗಾಗಿ ಈಗ ಆ ಚಾಲ್ತಿಯ ಸಾದಾ ನಾಣ್ಯ ಸಿಕ್ಕರೇ ಹಬ್ಬ. ತೊಂದರೆ ಎಂದರೆ, ಹೊಸ ಅಚ್ಚಿನಿಂದ ಹೊರಬಿದ್ದ ಮೊದಲ ಕೆಲವು ಸಾದಾ ನಾಣ್ಯಗಳೂ ಪ್ರೂಫಿನ ಹಾಗೇ ಹೊಳೆಯುತ್ತವೆ. ಕೈಯಿಂದ ಕೈಗೆ ಹೋಗಿ ಕಪ್ಪಾದ ಪ್ರೂಫು ಸಾದಾ ನಾಣ್ಯದ ಹಾಗೇ ಕಾಣುತ್ತದೆ. ಗಂಡಾಂತರವೆಲ್ಲ ಅಲ್ಲೇ.

ಹಳೆಯ ಕಾಲದ ಬಲ್ಬಿನ ಮೇಜುದೀಪವೊಂದಿತ್ತು. ಅದರ ಕೆಳಗೆ ನಾಣ್ಯವನ್ನು ವಾಲಿಸಿ, "ಬೆಳಕ ತಿರಗತೈತೋ ನಿಂದರತೈತೋ ನೋಡು" ಎನ್ನುತ್ತಿದ್ದರು. ಚಾಲ್ತಿಯದರ ಮೇಲೆ ಬೆಳಕು ಗಾಡಿಯ ಚಕ್ರದ ಹಾಗೆ ತಿರುಗುತ್ತದೆ. ಪ್ರೂಫಿನ ಮೇಲೆ ಕನ್ನಡಿಯಲ್ಲಿದ್ದ ಹಾಗೆ ನಿಂತಿರುತ್ತದೆ. "ಆದ್ರ ಬೆಳಕ ನಂಬಬ್ಯಾಡ. ಮಾರಿ ಯಾವತ್ತಿದ್ರೂ ಸುಳ್ಳ ಹೇಳ್ತೈತಿ. ಅಂಚ ನೋಡು. ಪ್ರೂಫಿನ ಅಂಚು ಪೆಟಗಿ ಮೂಲಿ ಇದ್ದಂಗ, ಉಗುರ ಇಟ್ರ ತಡೀತೈತಿ. ಚಾಲ್ತಿದ್ರ ಅಂಚು ರೊಟ್ಟಿ ಅಂಚಿದ್ದಂಗ, ಉಗುರ ಜಾರತೈತಿ." ಮಾರಿ ಎಂದರೆ ಅವರ ಮಾತಿನಲ್ಲಿ ಮುಖ. ಸರಿಯಾಗಿ ಹೇಳಿದ ದಿನ "ಶಾಣ್ಯಾಕಿ ಅದಿ" ಎಂದು ಡಬ್ಬಿಯಿಂದ ಒಂದು ಚೂರು ಶೇಂಗಾ ಚಿಕ್ಕಿ ಮುರಿದು ಕೊಡುತ್ತಿದ್ದರು. ಮೂವತ್ತೇಳು ವರ್ಷದ ಹೆಂಗಸು ನಾನು, ಆ ಚಿಕ್ಕಿಗಾಗಿ ವಾರವಿಡೀ ಕಾಯುತ್ತಿದ್ದೆ.

ನಾಲ್ಕೈದು ಗಂಟೆ ದಾರಿಯ ಡೆಟ್ರಾಯಿಟ್ ಕಡೆ ಮೂರು ನಾಲ್ಕು ತಿಂಗಳಿಗೊಮ್ಮೆ ನಾಣ್ಯದ ಮೇಳ ನಡೆಯುತ್ತಿತ್ತು. ಆಂಟಿಗೆ ಹೈವೇಯಲ್ಲಿ ಡ್ರೈವ್ ಮಾಡಲು ಭಯ. ಮಗಳು ಅಲ್ಲೇ ಕ್ಯಾಂಟನ್ನಿನಲ್ಲಿದ್ದರೂ ಇಷ್ಟು ದೂರ ಬಂದು ಕರೆದೊಯ್ಯಲು ಅವಳಿಗೆ ಪುರುಸೊತ್ತಿಲ್ಲ. ಹಾಗಾಗಿ ನಾನೇ ಸಾರಥಿ. ಬೆಳಿಗ್ಗೆ ಬೇಗ ಹೊರಟು, ಕಲಾಮಜೂ ದಾಟಿದ ಮೇಲೆ ಒಂದು ಎಕ್ಸಿಟ್ಟಿನಲ್ಲಿ ಇಳಿದು, ಕಾರಿನಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ನಾನು ಪ್ರತಿ ಸಲ ಮರೆಯುತ್ತಿದ್ದೆ, ಅವರು ಪ್ರತಿ ಸಲ ನೆನಪಿಸುತ್ತಿದ್ದರು. "ಒಂದ್ ತಾಸ ಹೋತು ನೋಡು, ಕೇಳಿದ್ರ ಯಾರೂ ಕೊಡಂಗಿಲ್ಲ." ಮೇಳದಲ್ಲಿ ಎಲ್ಲರೂ ಗಂಡಸರು, ಹೆಚ್ಚಿನವರು ಬಿಳಿಯರು, ಮುದುಕರು. ಅವರ ನಡುವೆ ತಲೆಗೆ ಸೆರಗು ಹೊದ್ದು ಮಸೂರ ಹಿಡಿದು ಕೂತ ಆಂಟಿಯನ್ನು ನೋಡಿ ಮೊದಮೊದಲು ನಗುತ್ತಿದ್ದವರು, ಕೊನೆಗೆ ತಮ್ಮ ನಾಣ್ಯ ಹಿಡಿದು ಇವರ ಮೇಜಿಗೇ ಬರುತ್ತಿದ್ದರು. ಸಂಜೆ ಮಗಳ ಮನೆಗೆ ಹೋದರೆ ಮೊಮ್ಮಕ್ಕಳು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಮಹಡಿ ಹತ್ತುತ್ತಿದ್ದವು. ಆಂಟಿ ಸೋಫಾದ ತುದಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಈಗ ಹೊರಡುವವರ ಹಾಗೆ ಕೂತಿರುತ್ತಿದ್ದರು.

ಅಂಥ ಒಂದು ಮೇಳದಿಂದ ವಾಪಸು ಬರುವಾಗ ಅವರು ಕುಂತಾಕಿಯ ಕತೆ ಹೇಳಿದ್ದು. ಬಂಡೆಯ ಮೇಲೆ ಗುರಾಣಿ ಹಿಡಿದು ಕೂತ ಹೆಂಗಸಿನ ಚಿತ್ರವಿರುವ ಹಳೆಯ ಬೆಳ್ಳಿ ಕ್ವಾರ್ಟರ್, ಎಂದರೆ ಕಾಲು ಡಾಲರ್, ಅದು, ಸಾವಿರದ ಎಂಟುನೂರ ಎಂಬತ್ತರ ದಶಕದ್ದು. ಆ ಚಿತ್ರದ ನಾಣ್ಯಗಳಿಗೆಲ್ಲ ಆಂಟಿ ಇಟ್ಟ ಹೆಸರು ಕುಂತಾಕಿ. ಈ ಒಂದನ್ನು ಅಂಕಲ್ ಚಿಕ್ಕ ವಯಸ್ಸಿನಲ್ಲಿ ಯಾವುದೋ ಮೇಳದಲ್ಲಿ ಕೊಂಡು, ಇದು ಚಾಲ್ತಿಯದೇ, ಅಪರೂಪದ್ದು ಎಂದು ಹಟ ಹಿಡಿದಿದ್ದರು. ನಾಲ್ಕು ಜನ ವ್ಯಾಪಾರಿಗಳು ಪ್ರೂಫ್ ಎಂದರು. ಅಂಕಲ್ ಕೇಳಲಿಲ್ಲ. ತಾನು ಬೇರೆಯವರ ನಾಣ್ಯ ನೋಡಿ ತೀರ್ಪು ಹೇಳಬಲ್ಲವನು ಎಂಬ ಅವರ ನಂಬಿಕೆ ಪೂರ್ತಿ ಆ ಒಂದು ನಾಣ್ಯದ ಮೇಲೆ ನಿಂತಿತ್ತಂತೆ. ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಕಂಪನಿಗೆ ಕಳಿಸು ಎಂದು ಆಸ್ಪತ್ರೆಯ ಹಾಸಿಗೆಯಲ್ಲೂ ಹೇಳಿದರಂತೆ.

"ಮತ್ತೆ ಯಾಕೆ ಕಳಿಸಿಲ್ಲ ಆಂಟಿ?" ಎಂದೆ.

"ಕಳಸೂಣು. ಬರೂ ತಿಂಗಳ."

ಆ ಬರುವ ತಿಂಗಳು ಎಷ್ಟೋ ಸಲ ಬಂದು ಹೋಯಿತು. ನಾನೇ ಫಾರಂ ತುಂಬಿಕೊಟ್ಟೆ. ಅದನ್ನು ಮಡಿಚಿ ಡ್ರಾಯರಿಗೆ ಹಾಕಿದರು. ಗಂಡ ತಪ್ಪು ಎಂದು ಬಂದುಬಿಟ್ಟರೆ ಎಂಬ ಹೆದರಿಕೆ ಇವರಿಗೆ ಎಂದುಕೊಂಡೆ. ಅದೊಂದನ್ನು ಮಾತ್ರ ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

ಒಂದು ಶನಿವಾರ ಮಾತ್ರ, ನಾನು ಹೊರಡಲು ಎದ್ದಾಗ, ಕುಂತಾಕಿಯಿದ್ದ ಪುಟ್ಟ ಕಾಗದದ ಲಕೋಟೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ಅದರ ಮೇಲೆ ಪೆನ್ಸಿಲಿನಲ್ಲಿ ಅಂಕಲ್ಲಿನ ಅಕ್ಷರ: ಚಾಲ್ತಿ. "ಮನೀಗೆ ಒಯ್ಯಿ. ಸಾವಕಾಶ ನೋಡು. ಏನಂತ ನೀ ನಂಗ ಹೇಳು. ನಾ ಏನೂ ಹೇಳಂಗಿಲ್ಲ."

ಅಷ್ಟು ದೊಡ್ಡ ಜವಾಬ್ದಾರಿಯನ್ನು ಎಲ್ಲಿಡುವುದು? ನಮ್ಮ ಮನೆಯಲ್ಲಿ ಬೆಲೆಬಾಳುವುದನ್ನು ಇಡುವ ಜಾಗ ಯಾವತ್ತಿದ್ದರೂ ಒಂದೇ, ದೇವರ ಗೂಡು. ಪ್ಯಾಂಟ್ರಿಯ ಮೇಲಿನ ಅರೆಯಲ್ಲಿ ನನ್ನ ದೇವರಿದ್ದರು. ಲಕ್ಷ್ಮಿಯ ಫೋಟೋದ ಮುಂದೆ ಲಕೋಟೆ ಇಟ್ಟೆ. ದಿನಾ ಕೆಲಸದಿಂದ ಬಂದು ಕೈ ತೊಳೆದು ಒಂದು ಸಲ ತೆಗೆದು ದೀಪಕ್ಕೆ ಹಿಡಿಯುತ್ತಿದ್ದೆ. ಕಪ್ಪು ಕಟ್ಟಿದ ಬೆಳ್ಳಿ. ಆ ಕಪ್ಪಿನ ಕೆಳಗೆ ಬೆಳಕು ತಿರುಗುತ್ತಿದೆ ಎಂದು ಒಂದು ದಿನ, ನಿಂತಿದೆ ಎಂದು ಇನ್ನೊಂದು ದಿನ. ತಿರುಗಲಿ ಎಂದೇ ನನ್ನ ಆಸೆ. ಆಂಟಿಗೆ ಆ ಮಾತು ಹೇಳಬೇಕಿತ್ತು ನನಗೆ. ಅದಕ್ಕೇ ಏನೋ, ಅಂಚಿಗೆ ಉಗುರು ಇಡುವುದನ್ನು ಮಾತ್ರ ದಿನಾ ನಾಳೆಗೆ ಹಾಕುತ್ತಿದ್ದೆ.

ಆಗ ಅಮ್ಮ ಮೈಸೂರಿನಿಂದ ಬಂದು ನನ್ನ ಜೊತೆಗಿದ್ದಳು, ಮೂರು ತಿಂಗಳಿಗೆಂದು. ಒಂದು ಗುರುವಾರ ನಾನು ಕೆಲಸದಿಂದ ಬರುವಷ್ಟರಲ್ಲಿ ಮನೆಯೆಲ್ಲ ವಿಭೂತಿ, ಕರ್ಪೂರದ ವಾಸನೆ. ದೇವರ ಗೂಡು ಝಗಝಗ ಎನ್ನುತ್ತಿತ್ತು. ಲಕ್ಷ್ಮಿಯ ಮುಂದೆ, ವೀಳ್ಯದೆಲೆಯ ಮೇಲೆ, ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತ ಕೂತಿದ್ದಳು ಕುಂತಾಕಿ. ಹಣೆಗೆ ಕುಂಕುಮ ಬೇರೆ.

"ಏನೇ ಅಷ್ಟು ಕಪ್ಪಾಗಿರೋ ಬೆಳ್ಳೀನ ದೇವರ ಮುಂದೆ ಇಟ್ಟಿದ್ದೀಯಾ?" ಎಂದಳು ಅಮ್ಮ, ಹೆಮ್ಮೆಯಿಂದ. "ಮೂರು ಸಲ ವಿಭೂತಿ ಹಾಕಿ ಉಜ್ಜಿದೆ ನೋಡು, ಈಗ ಕಳೆ ಬಂತು. ಇವಳೂ ಲಕ್ಷ್ಮಿ ಥರಾನೇ ಕೂತಿದಾಳೆ."

ಹಳೆಯ ನಾಣ್ಯವನ್ನು ಉಜ್ಜುವುದೆಂದರೆ ಅದರ ಚರ್ಮ ಸುಲಿದ ಹಾಗೆ. ಬೆಳಕು ತಿರುಗುವುದೋ ನಿಲ್ಲುವುದೋ ಎಂದು ಹೇಳುವ ಮೇಲ್ಮೈಯೇ ಹೋಗಿಬಿಡುತ್ತದೆ. ಅಮ್ಮನಿಗೆ ಏನೆಂದು ಹೇಳಲಿ? ಅವಳು ನನ್ನ ಮನೆಗೆ ಒಳ್ಳೆಯದಾಗಲಿ ಎಂದು ಉಜ್ಜಿದ್ದಳು. "ಚೆನ್ನಾಗಾಗಿದೆಯಮ್ಮ" ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಶನಿವಾರ ಆಂಟಿಯ ಮುಂದೆ ಲಕೋಟೆ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ತೆರೆದು ನೋಡಿದರು. "ಈಬತ್ತಿ ಹಚ್ಚಿ ತಿಕ್ಯಾರೇನು?" ಎಂದು ಕೇಳಿ, ಸ್ವಲ್ಪ ನಕ್ಕರು. "ಕುಂಕಮಾ ಹಚ್ಚಿದ್ರೇನು ಇಕಿಗೆ?" ನನಗೆ ನಗು ಬರಲಿಲ್ಲ. ಅವರು ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು, ಹೆಬ್ಬೆರಳ ಉಗುರಿನಿಂದ ಅದರ ಸುತ್ತ ಒಮ್ಮೆ ಮೆಲ್ಲಗೆ ಸವರಿದರು. ಪಾಪ, ಗಂಡನ ನೆನಪಿಗೆ ಸವರುತ್ತಿದ್ದಾರೆ ಎಂದುಕೊಂಡೆ.

"ಆತು ಬಿಡು ತಂಗಿ, ಅಳಬ್ಯಾಡ" ಎಂದರು. "ಇನ್ನ ಯಾ ಕಂಪನಿಯವ್ರೂ ನಮ್ಮನಿಯವ್ರು ತಪ್ಪು ಅನ್ನಂಗಿಲ್ಲ. ಛಲೋನ ಆತು." ಆಮೇಲೆ ಲಕೋಟೆಯನ್ನು ಮತ್ತೆ ನನ್ನ ಕಡೆಗೇ ಸರಿಸಿದರು. "ನಿನ್ನ ಹಂತೇಕನ ಇರ್ಲಿ. ನೀ ಇನ್ನೂ ನಂಗ ಉತ್ತರ ಹೇಳಿಲ್ಲ."

ನನಗೆ ಕೇಳಿಸಿದ್ದೇ ಬೇರೆ. ಕೆಟ್ಟುಹೋದದ್ದು ನಿನ್ನ ಹತ್ತಿರವೇ ಇರಲಿ, ನನ್ನ ಕಣ್ಣ ಮುಂದೆ ಬೇಡ, ಎಂದು ಕೇಳಿಸಿತು. ದಿನವೆಲ್ಲ ಬೇಡವಾದ ಸಾಮಾನು ಬಿಚ್ಚುವವಳಿಗೆ ಇನ್ನೇನು ಕೇಳಿಸೀತು? ಆ ದಿನ ಚಹಾ ಕುಡಿಯದೆ ಎದ್ದು ಬಂದೆ. ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಅಮ್ಮ ಊರಿಗೆ ಹೊರಟುಹೋದಳು. ಡೆಟ್ರಾಯಿಟ್ ಮೇಳಕ್ಕೆ ಬರ್ತೀಯೇನು ಎಂದು ಆಂಟಿ ಫೋನ್ ಮಾಡಿದಾಗ ಶಿಫ್ಟ್ ಇದೆ ಎಂದೆ. ಇರಲಿಲ್ಲ. ಇನ್ನೊಂದು ಸಲ ಮಾಡಿದಾಗಲೂ ಅದೇ ಸುಳ್ಳು. ಮುಖ ತೋರಿಸಲು ನಾಚಿಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ, ಅದು ನಾಚಿಕೆಗಿಂತ ಹೆಚ್ಚಾಗಿ ಕೋಪ; ನನ್ನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಎಂಬ ಹಳೆಯ ಕೋಪ, ಅದನ್ನು ಏನೂ ಅರಿಯದ ಆ ಮುದುಕಿಯ ಮೇಲೆ ತೀರಿಸಿಕೊಂಡೆ.

ಆರೇಳು ತಿಂಗಳ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋದಾಗ ಅಂಗಡಿ ಖಾಲಿಯಾಗಿತ್ತು. ಆಂಟಿಯ ಮೊಣಕಾಲು ಕೆಟ್ಟಿದ್ದರಿಂದ ಮಗಳು ಅವರನ್ನು ಕ್ಯಾಂಟನ್ನಿಗೆ ಕರೆದುಕೊಂಡು ಹೋಗಿದ್ದಳು ಎಂದು ಉಗುರಿನ ಅಂಗಡಿಯವರು ಹೇಳಿದರು. ಅಲ್ಲಿಂದ ಆಂಟಿ ಒಂದೇ ಒಂದು ಸಲ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು. ಊಟ ಆತೇನು, ಅಮ್ಮ ಆರಾಮ ಅದಾರೇನು ಎಂದೆಲ್ಲ ಕೇಳಿ, ಕೊನೆಗೆ, "ನೋಡಿದೇನು?" ಎಂದರು.

"ಇಲ್ಲ ಆಂಟಿ. ಟೈಮೇ ಆಗ್ಲಿಲ್ಲ."

"ಇರ್ಲಿ. ನೋಡಿದಾಗ ಹೇಳು."

ಲಕೋಟೆ ದೇವರ ಗೂಡಿನ ಹಿಂದೆ, ಊದುಬತ್ತಿಯ ಪೊಟ್ಟಣಗಳ ಕೆಳಗೆ ಇತ್ತು. ಅದನ್ನು ಮುಟ್ಟಲು ನನಗೆ ಕೈ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಆಂಟಿಯ ಮಗಳಿಂದ ಇಂಗ್ಲಿಷಿನಲ್ಲಿ ಎರಡು ಸಾಲಿನ ಮೆಸೇಜ್ ಬಂತು. ಅಮ್ಮ ಹೋದರು, ನಾಳೆ ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಬೆಳಿಗ್ಗೆ ಲೆಕ್ಕ ಹಾಕಿ ಹೊರಟೆ. ಹಿಮ ಬೀಳುತ್ತಿತ್ತು, ಆದರೂ ಸಮಯಕ್ಕೆ ಸರಿಯಾಗಿ ತಲುಪುತ್ತೇನೆ ಎಂದುಕೊಂಡಿದ್ದೆ. ಕಲಾಮಜೂ ದಾಟಿದ ಮೇಲೆ ಕಾರಿನ ಗಡಿಯಾರ ನೋಡಿದೆ... ಒಂದು ತಾಸು ಹೋಗಿತ್ತು. ಪಕ್ಕದ ಸೀಟಿನಲ್ಲಿ ಕೂತು ನೆನಪಿಸುವವರು ಇರಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದು, ಜನ ಕಾರುಗಳ ಮೇಲಿನ ಹಿಮ ಕೆರೆಯುತ್ತಿದ್ದರು. ಮಗಳು ನನ್ನ ಕೈ ಹಿಡಿದು, ಅಮ್ಮ ನಿಮ್ಮ ಬಗ್ಗೆ ತುಂಬಾ ಹೇಳುತ್ತಿದ್ದರು ಎಂದಳು, ಇಂಗ್ಲಿಷಿನಲ್ಲಿ. ಏನು ಹೇಳುತ್ತಿದ್ದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಷ್ಟೂ ಮೊನ್ನೆ ಸಿಂಕಿನ ಮುಂದೆ ನೆನಪಾಗಿ, ಬಟ್ಟೆಯನ್ನು ಅಲ್ಲೇ ಬಿಟ್ಟು ಕೈ ತೊಳೆದು ಒರೆಸಿಕೊಂಡೆ. ಊದುಬತ್ತಿಯ ಪೊಟ್ಟಣ ಸರಿಸಿ ಲಕೋಟೆ ತೆಗೆದೆ. ಮೇಜುದೀಪ ಹಾಕಿದೆ. ನಾಣ್ಯದ ತುಂಬ ವಿಭೂತಿ ಉಜ್ಜಿದ ಕೂದಲೆಳೆಯಂಥ ಗೀರುಗಳು. ಬೆಳಕು ತಿರುಗಲೂ ಇಲ್ಲ, ನಿಲ್ಲಲೂ ಇಲ್ಲ, ಎಲ್ಲ ಕಡೆ ಸುಮ್ಮನೆ ಚೆಲ್ಲಿಹೋಯಿತು. ಇನ್ನೇನು ಒಳಗಿಡಬೇಕು, ಬೆರಳಲ್ಲಿ ತಿರುಗಿಸುವಾಗ ಹೆಬ್ಬೆರಳ ಉಗುರು ಅಂಚಿಗೆ ತಾಗಿತು.

ತಡೆಯಿತು.

ಸುತ್ತಲೂ ಒಮ್ಮೆ ಸವರಿದೆ, ಆಂಟಿ ಆ ದಿನ ಸವರಿದ ಹಾಗೆಯೇ. ಎಲ್ಲ ಕಡೆ ತಡೆಯಿತು. ಪೆಟ್ಟಿಗೆಯ ಮೂಲೆಯ ಹಾಗೆ, ಚೂಪು, ಚೌಕ. ಅಮ್ಮನ ವಿಭೂತಿ ಮುಖವನ್ನಷ್ಟೇ ತಿಂದಿತ್ತು. ಅಂಚು ಆಗಲೂ ಹೇಳುತ್ತಿತ್ತು, ಈಗಲೂ ಹೇಳುತ್ತಿದೆ. ಕುಂತಾಕಿ ಪ್ರೂಫು.

ಆಂಟಿಗೆ ಅದು ಗೊತ್ತಿತ್ತು. ನನಗೆ ಅಂಚು ನೋಡುವುದನ್ನು ಕಲಿಸಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಂಕಲ್ ಇದ್ದಾಗಲೇ ಗೊತ್ತಾಗಿರಬೇಕು. ಗಂಡನ ಮನಸ್ಸು ಮುರಿಯಬಾರದೆಂದು ಅವರು ಬದುಕಿರುವ ತನಕ ಹೇಳಲಿಲ್ಲ, ಹೋದ ಮೇಲೂ ಕಂಪನಿಗೆ ಕಳಿಸಲಿಲ್ಲ. ಆ ಗುಟ್ಟನ್ನು ಅಷ್ಟು ವರ್ಷ ಒಬ್ಬರೇ ಇಟ್ಟುಕೊಂಡು ದಣಿದಿದ್ದರೇನೋ. ಬಾಯಿ ಬಿಟ್ಟು ಹೇಳಿದರೆ ಗಂಡನಿಗೆ ದ್ರೋಹ. ನಾನೇ ನೋಡಿ ಕಂಡುಹಿಡಿದರೆ ಅಲ್ಲ. ಅದಕ್ಕೇ ನನ್ನ ಕೈಗೆ ಕೊಟ್ಟದ್ದು. ಒಬ್ಬಳಿಗಾದರೂ ಗೊತ್ತಿರಲಿ, ಇಬ್ಬರೂ ಕೂತು ಚಹಾ ಕುಡಿಯುತ್ತ ಆ ಮನುಷ್ಯನ ಹಟಕ್ಕೆ ಒಂದು ಸಲ ನಗೋಣ ಎಂದು. ಅಮ್ಮ ಉಜ್ಜಿದ್ದರಿಂದ ಯಾವುದೂ ಕೆಟ್ಟಿರಲಿಲ್ಲ. ಇನ್ನು ಯಾರೂ ತಪ್ಪು ಅನ್ನಂಗಿಲ್ಲ ಎಂದದ್ದು ನನ್ನ ಅಳು ನಿಲ್ಲಿಸಲಿಕ್ಕೆ. ಕುಂತಾಕಿಯನ್ನು ನನ್ನ ಕಡೆ ಸರಿಸಿದ್ದು, ನಾನು ಮತ್ತೆ ಬರಲಿ ಎಂದು. ನಾನು ಹೋಗಲಿಲ್ಲ. ಅವರು ಕಾದರು, ಫೋನ್ ಮಾಡಿ ಕೇಳಿದರು, ಟೈಮ್ ಆಗಲಿಲ್ಲ ಎಂದೆ.

ಲಕೋಟೆಯ ಮೇಲೆ ಅಂಕಲ್ಲಿನ ಪೆನ್ಸಿಲಿನ ಅಕ್ಷರ ಹಾಗೇ ಇದೆ. ಅದನ್ನು ಅಳಿಸಲು ನಾನು ಯಾರು? ನಾಣ್ಯವನ್ನು ಅದರೊಳಗೇ ಇಟ್ಟು, ಈ ಸಲ ಹಿಂದೆ ಬಚ್ಚಿಡದೆ ಲಕ್ಷ್ಮಿಯ ಮುಂದೆ ಇಟ್ಟೆ. ಸಿಂಕಿನ ಪಕ್ಕ ಅರ್ಧ ಉಜ್ಜಿದ ದೀಪದ ಕಂಬ ಒಣಗಿ ಬೂದಿ ಕಟ್ಟಿತ್ತು.

"ಪ್ರೂಫು, ಆಂಟಿ" ಎಂದೆ, ಗಟ್ಟಿಯಾಗಿಯೇ.

ಶಾಣ್ಯಾಕಿ ಅದಿ ಎಂದು ಯಾರೂ ಅನ್ನಲಿಲ್ಲ. ಬಟ್ಟೆ ಮತ್ತೆ ಒದ್ದೆ ಮಾಡಿಕೊಂಡು ದೀಪದ ಕಂಬ ಉಜ್ಜಲು ಕೂತೆ.